ತುಕ್ಕು ಹಿಡಿದ ರ‍್ಯಾಟ್ ರಾಡ್ ಟ್ರಕ್ಕಿಗೆ ಕೇಳಿದಷ್ಟು ದುಡ್ಡು ಕೊಡಬಹುದಾ? ಹೀಗೆ ನೋಡಿ

ಮೊದಲೇ ಹೇಳ್ಬಿಡ್ತೀನಿ, ತುಕ್ಕಿನ ಬಣ್ಣಕ್ಕೆ ಬೇಕಾದ್ರೆ ಸ್ವಲ್ಪ ದುಡ್ಡು ಕೊಡಿ, ಆದ್ರೆ ತುಕ್ಕು ತಿಂದು ತೂತಾಗಿರೋ ತಗಡಿಗೆ ಒಂದು ಡಾಲರೂ ಜಾಸ್ತಿ ಕೊಡಬೇಡಿ. ಅಮೆರಿಕದಲ್ಲಿ ಈಗ ಹಳೇ ಪಿಕಪ್ ಹುಡುಕೋಕೆ ಹೋದ್ರೆ ಎರಡಕ್ಕೂ ಒಂದೇ ರೇಟ್ ಹಾಕಿರ್ತಾರೆ, ಎರಡಕ್ಕೂ "ಪಾಟಿನಾ" (ವರ್ಷಗಟ್ಟಲೆ ಸವೆದು ಬರೋ ಹಳೇ ಬಣ್ಣ) ಅಂತ ಒಂದೇ ಹೆಸರು ಬೇರೆ.

ರ‍್ಯಾಟ್ ರಾಡ್ ಅನ್ನೋದು ಶುರುವಾಗಿದ್ದೇ ಕಮ್ಮಿ ದುಡ್ಡಲ್ಲಿ ಗಾಡಿ ಕಟ್ಟೋಕೆ. ಹಾಟ್ ರಾಡ್‌ಗಳೆಲ್ಲ (ಜೋರಾಗಿ ಓಡೋಕೆ ಅಂತ ಮಾರ್ಪಾಡು ಮಾಡಿದ ಹಳೇ ಗಾಡಿಗಳು) ದುಬಾರಿ ಪೇಂಟು, ಕ್ರೋಮು ಅಂತ ಶೋ ಗಾಡಿಗಳಾಗಿ ರೋಡಿಗಿಳಿಯೋದೇ ಬಿಟ್ಟಾಗ, ಇಲ್ಲ ನಾವು ಹಳೇ ಕಾಲದ ಹುಡುಗರ ಥರ ಗುಜರಿಲಿ ಸಿಕ್ಕಿದ್ದನ್ನೇ ಜೋಡಿಸಿ ಓಡಿಸ್ತೀವಿ ಅಂತ ಹೊರಟವರ ಸ್ಟೈಲ್ ಇದು. ಅದಕ್ಕೇ ಶೋರೂಮ್ ರೇಟ್ ಕೇಳಿದ್ರೆ ನಂಗೆ ಬೇಜಾರಾಗತ್ತೆ. ಸಾಮಾನ್ಯವಾಗಿ ಸಿಗೋದು 1947ರಿಂದ 1955ರ ಶುರುವರೆಗಿನ ಶೆವ್ರೊಲೆ ಅಡ್ವಾನ್ಸ್ ಡಿಸೈನ್ ಪಿಕಪ್ಪು, 1948ರಿಂದ 1952ರ ಫೋರ್ಡ್ ಎಫ್-1, ಇನ್ನೂ ಹಿಂದಕ್ಕೆ ಹೋದ್ರೆ ಫೋರ್ಡಿಂದೇ ಮಾಡೆಲ್ ಎ.

ನೋಡೋಕೆ ಹೋಗುವಾಗ ಟಾರ್ಚು, ಸ್ಕ್ರೂ ಡ್ರೈವರು, ಬಟ್ಟೆ ಸುತ್ತಿದ ಸಣ್ಣ ಮ್ಯಾಗ್ನೆಟ್ಟು, ಕೆಳಗೆ ಮಲಗೋಕೆ ಒಂದು ಹಳೇ ಚಾಪೆ ತಗೊಂಡು ಹೋಗಿ. ಈ ಟ್ರಕ್ಕುಗಳು ಎಲ್ಲಿ ಕೊಳೆಯತ್ತೆ ಅನ್ನೋದು ಗೊತ್ತಿರೋ ವಿಷ್ಯ: ಕ್ಯಾಬಿನ್ನಿನ ಹಿಂದಿನ ಕೆಳಮೂಲೆಗಳು, ಬಾಗಿಲ ಕೆಳಗಿನ ಪಟ್ಟಿ, ಕಾಲಿಡೋ ಫ್ಲೋರು, ಗಾಜಿನ ಕೆಳಗಿನ ಭಾಗ, ಮುಖ್ಯವಾಗಿ ಕ್ಯಾಬಿನ್ನು ಚಾಸಿ ಮೇಲೆ ಕೂರೋ ಮೌಂಟುಗಳು. ಓನರ್ ಹತ್ರ ಕೇಳ್ಕೊಂಡು ಅಲ್ಲೆಲ್ಲ ಸ್ಕ್ರೂ ಡ್ರೈವರ್ ತುದಿಯಿಂದ ಒತ್ತಿ, ಟಕ್ ಅಂತ ಗಟ್ಟಿ ಸದ್ದು ಬಂದ್ರೆ ಅದು ಮೇಲ್ಮೈ ತುಕ್ಕು, ಭಯ ಇಲ್ಲ. ತಗಡು ಒಳಗೆ ಹೋದ್ರೆ ಅಥ್ವಾ ಪದರ ಪದರವಾಗಿ ಉದುರಿದ್ರೆ ಅಲ್ಲಿ ಕತ್ತರಿಸಿ ಹೊಸ ತಗಡು ಬೆಸೀಲೇಬೇಕು, ಆ ಖರ್ಚು ಬರ್ಕೊಳ್ಳಿ, ಕೊನೇಲಿ ರೇಟಿಂದ ಕಳೀಬೇಕು. ಮ್ಯಾಗ್ನೆಟ್ ಹಿಡಿಯದೇ ಇರೋ ಕಡೆ ಒಳಗೆ ಪುಟ್ಟಿ ತುಂಬಿದಾರೆ ಅಂತ ತಿಳ್ಕೊಳ್ಳಿ.

ಇನ್ನೊಂದು ವಿಷ್ಯ, ತುಕ್ಕನ್ನೂ ಡೂಪ್ಲಿಕೇಟ್ ಮಾಡ್ತಾರೆ. ಬರೀ ತಗಡಿನ ಮೇಲೆ ಉಪ್ಪು, ವಿನೆಗರ್, ಹೈಡ್ರೋಜನ್ ಪೆರಾಕ್ಸೈಡ್ ಸಿಂಪಡಿಸಿದ್ರೆ ಸ್ವಲ್ಪ ಹೊತ್ತಲ್ಲೇ ಕಿತ್ತಳೆ ಬಣ್ಣ ಬರತ್ತೆ. ನಿಜವಾದ ಪಾಟಿನಾ ಹಂಗಿರಲ್ಲ, ಬಿಸಿಲು ಬೀಳೋ ಬಾನೆಟ್ಟು, ಟಾಪ್ ಮೇಲೆ ಪೇಂಟ್ ಜಾಸ್ತಿ ಸವೆದಿರತ್ತೆ, ಡ್ರೈವರ್ ಮೊಣಕೈ ಇಟ್ಟ ಜಾಗ ನುಣ್ಣಗಾಗಿರತ್ತೆ, ಬಾಗಿಲ ಮೇಲೆ ಹಳೇ ಅಂಗಡಿ ಹೆಸರಿನ ಅಕ್ಷರ ಮಸುಕಾಗಿ ಕಾಣತ್ತೆ, ನೆರಳಲ್ಲಿದ್ದ ಕಡೆ ಮೂಲ ಬಣ್ಣ ಇನ್ನೂ ಉಳಿದಿರತ್ತೆ. ಎಪ್ಪತ್ತು ವರ್ಷ ಬಿಸಿಲಲ್ಲಿ ನಿಂತು ಬಂದಿರೋ ಆ ಬಣ್ಣಾನ ಒಂದ್ಸಲ ಉಜ್ಜಿ ತೆಗೆದ್ರೆ ಮತ್ತೆ ಬರಲ್ಲ, ಅದಕ್ಕೆ ಸ್ವಲ್ಪ ಜಾಸ್ತಿ ಕೊಟ್ರೆ ನಾನಂತೂ ತಪ್ಪು ಅನ್ನಲ್ಲ. ಎಲ್ಲಾ ಕಡೆ ಒಂದೇ ಸಮ ಕಿತ್ತಳೆ ಇದ್ರೆ ಅದಕ್ಕೆ ಕಾಸಿಲ್ಲ.

ಈಗ ಚಾಸಿ. ಇಲ್ಲಿ ಅರ್ಧ ಗಂಟೆ ಹೋದ್ರೂ ಪರವಾಗಿಲ್ಲ, ಯಾಕಂದ್ರೆ ರೇಟ್ ನಿರ್ಧಾರ ಆಗೋದೇ ಇಲ್ಲಿ, ಜೀವ ಉಳಿಯೋದೂ ಇಲ್ಲೇ. ಗಾಡಿ ನೆಲಕ್ಕೆ ತಾಗೋ ಥರ ಕಾಣ್ಲಿ ಅಂತ ಚಾಸಿನ ಕತ್ತರಿಸಿ ಝಡ್ ಆಕಾರಕ್ಕೆ ಮತ್ತೆ ಬೆಸೆದಿರ್ತಾರೆ, ಆ ಜಾಯಿಂಟಲ್ಲಿ ವೆಲ್ಡಿಂಗ್ ಒಂದೇ ಸಮ ಇದೆಯಾ, ಒಳಗಿಂದ ಅಥ್ವಾ ಪಕ್ಕದಿಂದ ಪ್ಲೇಟ್ ಕೊಟ್ಟಿದಾರಾ, ಇಲ್ಲ ಉಂಡೆ ಉಂಡೆಯಾಗಿ ಮೇಲೆ ಕೂತಿದೆಯಾ ಅಂತ ಟಾರ್ಚ್ ಹಾಕಿ ನೋಡಿ. ಕಬ್ಬಿಣ ಸರಿಯಾಗಿ ಕರಗಿ ಒಳಗೆ ಸೇರದೇ ಮೇಲೆ ಗುಡ್ಡೆಯಾಗಿರೋ ಬೆಸುಗೆ ಒಂದಿನ ಗುಂಡಿಗೆ ಬಿದ್ದಾಗ ಬಿಟ್ಕೊಳ್ಳತ್ತೆ. ಎಷ್ಟೋ ಜನ ಹಳೇ ಕ್ಯಾಬಿನ್ನನ್ನ ಶೆವ್ರೊಲೆ ಎಸ್-10 ಅನ್ನೋ ಸಣ್ಣ ಪಿಕಪ್ಪಿನ ಚಾಸಿ ಮೇಲೆ ಕೂರಿಸ್ತಾರೆ, ಇಲ್ಲಾಂದ್ರೆ ಮುಂದೆ ಫೋರ್ಡಿನ ಮಸ್ಟಾಂಗ್ 2 ಕಾರಿನ ಥರದ ಸಸ್ಪೆನ್ಷನ್ ಹಾಕ್ತಾರೆ, ಎರಡೂ ಒಳ್ಳೇದೇ, ಪಾರ್ಟ್ಸ್ ಸುಲಭವಾಗಿ ಸಿಗತ್ತೆ, ಡಿಸ್ಕ್ ಬ್ರೇಕೂ ಬರತ್ತೆ, ಮಾಡಿದವರು ನೆಟ್ಟಗೆ ಮಾಡಿರ್ಬೇಕು ಅಷ್ಟೇ. ಸ್ಟೀರಿಂಗ್ ಅಲ್ಲಾಡಿಸಿ ಆಟ ಎಷ್ಟಿದೆ ನೋಡಿ. ಬ್ರೇಕ್ ಮಾಸ್ಟರ್ ಸಿಲಿಂಡರಿಗೆ ಒಂದೇ ಡಬ್ಬಿ ಇದ್ರೆ ಅದು ಹಳೇ ಪದ್ಧತಿ, ಒಂದು ಕಡೆ ಪೈಪ್ ಒಡೆದ್ರೆ ನಾಲ್ಕೂ ಚಕ್ರದ ಬ್ರೇಕ್ ಹೋಯ್ತು, ಎರಡು ಭಾಗ ಇರೋದಕ್ಕೆ ಬದಲಾಯ್ಸೋ ಖರ್ಚನ್ನೂ ಬರ್ಕೊಳ್ಳಿ. ಟೈರಿನ ಪಕ್ಕದಲ್ಲಿ ಡಾಟ್ (DOT) ಅಂತ ಶುರುವಾಗೋ ನಂಬರಿನ ಕೊನೇ ನಾಲ್ಕು ಅಂಕಿ ನೋಡಿ, 2312 ಅಂತಿದ್ರೆ 2012ನೇ ಇಸವಿಯ 23ನೇ ವಾರದ್ದು, ಹಿಡಿತದ ಗೀರು ಎಷ್ಟೇ ಚೆನ್ನಾಗಿದ್ರೂ ಆ ಟೈರ್ ಬದಲಾಯ್ಸಲೇಬೇಕು.

ಇಂಜಿನ್ ಬಗ್ಗೆ ಜಾಸ್ತಿ ತಲೆ ಕೆಡಿಸ್ಕೋಬೇಡಿ. ಎಷ್ಟೋ ಗಾಡಿಗಳಿಗೆ ಶೆವ್ರೊಲೆ 350 ಅನ್ನೋ ವಿ8 ಇಂಜಿನ್ ಹಾಕಿರ್ತಾರೆ, ರಿಪೇರಿ ಸುಲಭ, ಪಾರ್ಟ್ಸ್ ಎಲ್ಲಾ ಕಡೆ ಸಿಗತ್ತೆ. ನೀವು ಬರೋ ಮುಂಚೆನೇ ಸ್ಟಾರ್ಟ್ ಮಾಡಿಡಬೇಡಿ ಅಂತ ಓನರಿಗೆ ಹೇಳಿ, ತಣ್ಣಗಿರುವಾಗ ಸ್ಟಾರ್ಟ್ ಆಗೋದನ್ನ ನೋಡಿ, ಬಿಸಿಯಾದ್ಮೇಲೆ ಆಯಿಲ್ ಪ್ರೆಶರ್ ನೋಡಿ, ಸಾಕು. ಫೋರ್ಡ್ ಫ್ಲ್ಯಾಟ್‌ಹೆಡ್ ವಿ8 ಅನ್ನೋ ಹಳೇ ಕಾಲದ ಇಂಜಿನ್ ಇದ್ರೆ ಮಾತ್ರ ಹೀಟ್ ಆಗತ್ತಾ ಅಂತ ಓಡಿಸಿ ನೋಡಿ, ಬ್ಲಾಕಲ್ಲಿ ಕ್ರ್ಯಾಕ್ ಬರೋದು ಅದರ ಹಳೇ ಕಾಯಿಲೆ.

ಆಮೇಲೆ ಟೈಟಲ್ಲು, ಅಂದ್ರೆ ಗಾಡಿ ಯಾರದ್ದು ಅನ್ನೋ ಕಾಗದ. ಆ ಕಾಲದ ಎಷ್ಟೋ ಗಾಡಿಗಳ ಕಾಗದದಲ್ಲಿ ಇಂಜಿನ್ ನಂಬರೇ ಇರತ್ತೆ, ಆ ಇಂಜಿನ್ ಯಾವಾಗ್ಲೋ ಗುಜರಿಗೆ ಹೋಗಿರತ್ತೆ. ಈಗಿನ 17 ಅಕ್ಷರ-ಅಂಕಿಗಳ ವಿನ್ (ಗಾಡಿಯ ಗುರುತಿನ) ನಂಬರ್ ಪದ್ಧತಿ ಬಂದಿದ್ದೇ 1981ರಲ್ಲಿ. ಹಳೇ ಕ್ಯಾಬಿನ್ನು, ಎಸ್-10 ಚಾಸಿ ಇದ್ರೆ ಯಾವ ನಂಬರಲ್ಲಿ ರಿಜಿಸ್ಟರ್ ಆಗಿದೆ ಅಂತ ಕೇಳಿ, ಒಂದೊಂದು ರಾಜ್ಯದ ರೂಲ್ಸ್ ಒಂದೊಂದು ಥರ, ನಿಮ್ಮ ರಾಜ್ಯದ ಮೋಟಾರು ವಾಹನ ಇಲಾಖೆಯಲ್ಲಿ ಮೊದಲೇ ವಿಚಾರಿಸಿ. ಕಾಗದದ ನಂಬರು ಗಾಡಿಯ ನಂಬರು ಹೊಂದಲಿಲ್ಲ ಅಂದ್ರೆ ಅಲ್ಲಿಂದ ವಾಪಸ್ ಬನ್ನಿ, ಎಷ್ಟೇ ಚೆನ್ನಾಗಿದ್ರೂ ಸರಿ.

ಲೆಕ್ಕಕ್ಕೆ ಬರೋಣ. ಜಾಹೀರಾತಲ್ಲಿರೋ ರೇಟು ಓನರಿನ ಆಸೆ, ಮಾರುಕಟ್ಟೆ ಬೆಲೆ ಅಲ್ಲ. ಇಬೇ ವೆಬ್‌ಸೈಟಲ್ಲಿ "ಸೋಲ್ಡ್" (ಮಾರಾಟ ಆಗಿರೋದು) ಅಂತ ಫಿಲ್ಟರ್ ಹಾಕಿ, ಅದೇ ಥರದ ಟ್ರಕ್ಕು ನಿಜವಾಗ್ಲೂ ಎಷ್ಟಕ್ಕೆ ಹೋಗಿದೆ ನೋಡಿ. ಉದಾಹರಣೆಗೆ ಕೇಳ್ತಿರೋದು 18,000 ಡಾಲರ್, ಅಂಥವು ಹೋಗಿರೋದು 14,000ಕ್ಕೆ, ಬ್ರೇಕು ಟೈರು ಫ್ಲೋರು ಸೇರಿ ನೀವು ಬರ್ಕೊಂಡಿರೋ ಖರ್ಚು 3,500 ಅಂತಿಟ್ಕೊಳ್ಳಿ, ಆಗ ನಿಮ್ಮ ಮಾತು ಶುರುವಾಗಬೇಕಿರೋದು 10,500ರಿಂದ. "ನಾನು ಇದಕ್ಕೆ ಮೂರು ವರ್ಷ ಕೂತು ಕೆಲ್ಸ ಮಾಡಿದೀನಿ" ಅಂತಾರೆ, ಆ ಶ್ರಮಕ್ಕೆ ಗೌರವ ಕೊಡಿ, ನಿಜಕ್ಕೂ ಕೊಡಬೇಕಾದ್ದೇ, ಆದ್ರೆ ತಮ್ಮ ಇಷ್ಟಕ್ಕೆ ಕತ್ತರಿಸಿ ಕಟ್ಟಿದ ಗಾಡಿಯಲ್ಲಿ ಆ ದುಡ್ಡು ಪೂರ್ತಿ ವಾಪಸ್ ಬರೋದು ತೀರಾ ಅಪರೂಪ. ಲಿಸ್ಟನ್ನ ಅವರ ಕೈಗೇ ಕೊಟ್ಟು ಒಂದೊಂದೇ ತೋರಿಸಿ, ತುಂಬಾ ಸಲ ಅವರೇ ಇಳೀತಾರೆ. ಇಳೀಲಿಲ್ಲ ಅಂದ್ರೆ ಫೋನ್ ನಂಬರ್ ಕೊಟ್ಟು ಬನ್ನಿ, ಚಳಿಗಾಲ ಬರ್ಲಿ, ಹಿಮ ಬೀಳೋ ಊರುಗಳಲ್ಲಿ ಆಗ ಇಂಥ ಟ್ರಕ್ಕು ಕೇಳೋರು ಕಮ್ಮಿ.