ಹಳೆಯ ಪಿಸ್ತೂಲಿಗೆ ಬೆಲೆ ಕಟ್ಟುವುದು ಹೇಗೆ?

ಲೈಸೆನ್ಸ್ ಕೈಗೆ ಬಂದ ಮೇಲೆ ಹೊಸ ಪಿಸ್ತೂಲಿನ ದರ ಕೇಳಿ, ‘ಹಳೆಯದೇ ಒಂದು ಸಿಕ್ಕರೆ ನೋಡೋಣ’ ಎನ್ನುವವರು ಮೈಸೂರು, ಮಂಡ್ಯ ಕಡೆ ಕಡಿಮೆಯಿಲ್ಲ. ಹೀಗೆ ಕೈ ಬದಲಾಯಿಸುವ ಸಣ್ಣ ಪಿಸ್ತೂಲುಗಳಲ್ಲಿ ಬಹುಪಾಲು .32 ಬೋರಿನವು (ಬೋರ್ ಎಂದರೆ ನಳಿಗೆಯ ಒಳಗಿನ ಅಗಲದ ಅಳತೆ). ಒಂದು ಬಗೆ ಸ್ವದೇಶಿ, ಇಶಾಪುರದ ರೈಫಲ್ ಕಾರ್ಖಾನೆಯ ‘ಅಶನಿ’ಯಂಥವು. ಇನ್ನೊಂದು ಬಗೆ ಹಳೆಯ ವಿದೇಶಿ ಮಾಲು: ವಾಲ್ಥರ್ ಪಿಪಿ, ಎಫ್‌ಎನ್ ಬ್ರೌನಿಂಗ್ 1910, ವೆಬ್ಲಿ ಸ್ಕಾಟ್, ಬೆರೆಟ್ಟಾ. ಸಾಮಾನ್ಯ ಲೈಸೆನ್ಸ್‌ದಾರರಿಗೆ ಆಮದಿನ ಬಾಗಿಲು 1980ರ ದಶಕದಲ್ಲೇ ಬಿಗಿಯಾದ್ದರಿಂದ ವಿದೇಶಿ ಪಿಸ್ತೂಲಿಗೆ ಇಲ್ಲಿ ಹೇಳುವ ಬೆಲೆಯಲ್ಲಿ ಗುಣದ ಪಾಲಿಗಿಂತ ಅಪರೂಪದ ಪಾಲೇ ದೊಡ್ಡದು. ಎರಡೂ ಬಗೆಯಲ್ಲಿ ಜನ ಮೋಸಹೋಗುವುದು ಮೈಬಣ್ಣ ನೋಡಿ. ದುಡ್ಡು ಕೊಡಬೇಕಾದದ್ದು ಕಾಗದಕ್ಕೆ ಮತ್ತು ನಳಿಗೆಗೆ.

ಮೊದಲು ಕಾಗದ

ಪಿಸ್ತೂಲು ಕೈಗೆತ್ತಿಕೊಳ್ಳುವ ಮೊದಲು ಮಾರುವವರ ಲೈಸೆನ್ಸ್ ಕೇಳಿ. ಅದು ಚಾಲ್ತಿಯಲ್ಲಿದೆಯೇ, ಅದರಲ್ಲಿ ನಮೂದಾದ ತಯಾರಕರ ಹೆಸರು, ಬೋರ್, ನಂಬರ್ ಪಿಸ್ತೂಲಿನ ಮೇಲಿರುವುದಕ್ಕೆ ಅಕ್ಷರಶಃ ಹೊಂದುತ್ತದೆಯೇ ನೋಡಿ. ನಂಬರ್ ಫ್ರೇಮಿನ (ಹಿಡಿ, ಟ್ರಿಗರ್ ಇರುವ ಕೆಳಗಿನ ಚೌಕಟ್ಟಿನ) ಮೇಲಿರುತ್ತದೆ. ಹಲವು ಮಾದರಿಗಳಲ್ಲಿ ಸ್ಲೈಡ್ (ಹಿಂದೆಮುಂದೆ ಓಡುವ ಮೇಲ್ಭಾಗ) ಮತ್ತು ನಳಿಗೆಯ ಮೇಲೂ ಇರುತ್ತದೆ. ಮೂರೂ ಒಂದೇ ಆಗಿದ್ದರೆ ಬೆಲೆ ಹೆಚ್ಚು. ಒಂದು ಬೇರೆಯಿದ್ದರೆ ಯಾವುದೋ ಭಾಗ ಬದಲಾಗಿದೆ ಎಂದರ್ಥ, ಯಾಕೆ ಬದಲಾಯಿತು ಎಂದು ಕೇಳಬೇಕು. ನಂಬರನ್ನು ಅರದಿಂದ ಉಜ್ಜಿದ, ಮೇಲೆ ಮತ್ತೆ ಹೊಡೆದ ಗುರುತು ಕಂಡರೆ ಮಾತು ಅಲ್ಲಿಗೇ ನಿಲ್ಲಿಸಿ. ತಯಾರಕರ ಹೆಸರು, ನಂಬರ್ ಇಲ್ಲದ ಅಥವಾ ಅಳಿಸಿದ ಆಯುಧದ ಮಾರಾಟ 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಅಪರಾಧ. ‘ಮೇಡ್ ಇನ್’ ಎಂಬ ಮುದ್ರೆಯಲ್ಲಿ ಸ್ಪೆಲಿಂಗ್ ತಪ್ಪಿದ್ದರೆ, ಅಕ್ಷರಗಳ ಆಳ ಏರುಪೇರಾಗಿದ್ದರೆ ಅದು ಕಳ್ಳ ನಕಲು. ಅಸಲಿ ವಿದೇಶಿ ಪಿಸ್ತೂಲಿನ ಮೇಲೆ ಪರೀಕ್ಷಾ ಮುದ್ರೆ ಇರುತ್ತದೆ: ಬೆಲ್ಜಿಯಂನದಕ್ಕೆ ಲಿಯೇಜಿನ ಮುದ್ರೆ, ಇಂಗ್ಲೆಂಡಿನದಕ್ಕೆ ಬರ್ಮಿಂಗ್‌ಹ್ಯಾಮಿನದು.

ನಿಮ್ಮ ಲೈಸೆನ್ಸನ್ನೂ ಒಮ್ಮೆ ಓದಿ. ಜೋಡಿ ನಳಿಗೆ ಕೋವಿಗೆ ಕೊಟ್ಟ ಲೈಸೆನ್ಸಿನ ಮೇಲೆ ಪಿಸ್ತೂಲು ಕೊಳ್ಳಲಾಗದು. ಬೋರಿನ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಮೇಲೆ ಹೇಳಿದಂಥ ವಿದೇಶಿ ಪಿಸ್ತೂಲಿನ ಮೇಲೆ ‘7.65’ ಎಂದಿದ್ದರೆ ಅದು .32 ಆಟೊ, ಅಂದರೆ .32 ಪಿಸ್ತೂಲಿನ ತೋಟಾ. ಅದೇ ಮಾದರಿಗಳಲ್ಲಿ ಕೆಲವು 9 ಎಂಎಂ ಶಾರ್ಟ್‌ನಲ್ಲೂ ಬಂದಿವೆ, ಹೊರನೋಟಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. 9 ಎಂಎಂ ನಿಷೇಧಿತ ಬೋರ್. .25 ಬೋರಿನ ಪುಟ್ಟ ಪಿಸ್ತೂಲುಗಳು ಅಗ್ಗಕ್ಕೆ ಬರುವುದಕ್ಕೆ ಕಾರಣ ಒಂದೇ, ತೋಟಾ ಸಿಗುವುದು ಕಷ್ಟ. ಇನ್ನು .32 ರಿವಾಲ್ವರಿನ ಉದ್ದ ತೋಟಾ .32 ಪಿಸ್ತೂಲಿಗೆ ಆಗುವುದಿಲ್ಲ. ‘ಉಳಿದ ತೋಟಾನೂ ಕೊಡುತ್ತೇನೆ’ ಎಂದರೆ ಯಾವುದು ಎಂದು ನೋಡಿಕೊಳ್ಳಿ.

ಖಾಲಿ ಮಾಡಿ, ನಂತರ ಮುಟ್ಟಿ

ಮೊದಲು ಮ್ಯಾಗಜಿನ್ (ತೋಟಾ ತುಂಬುವ ಪೆಟ್ಟಿಗೆ) ಹೊರಗೆ. ಆಮೇಲೆ ಸ್ಲೈಡ್ ಹಿಂದಕ್ಕೆಳೆದು ಹಿಡಿದು ಚೇಂಬರನ್ನು (ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಜಾಗ) ಕಣ್ಣಿನಿಂದ ನೋಡಿ, ಕಿರುಬೆರಳಿನಿಂದ ಮುಟ್ಟಿ ನೋಡಿ. ಈ ಕ್ರಮ ತಿರುಗಿಸಬಾರದು. ಮ್ಯಾಗಜಿನ್ ಒಳಗಿದ್ದಾಗ ಸ್ಲೈಡ್ ಎಳೆದು ಬಿಟ್ಟರೆ ಹಳೆಯ ತೋಟಾ ಹೊರಬಿದ್ದ ಜಾಗಕ್ಕೆ ಹೊಸದು ಹೋಗಿ ಕೂರುತ್ತದೆ. ‘ಖಾಲಿ’ ಎಂದುಕೊಂಡ ಪಿಸ್ತೂಲು ಸಿಡಿಯುವುದು ಹೆಚ್ಚಾಗಿ ಹೀಗೆಯೇ. ಮಾರುವವರು ಎದುರಿಗೇ ತೋರಿಸಿ ಕೊಟ್ಟಿದ್ದರೂ ನೀವು ಮತ್ತೊಮ್ಮೆ ನೋಡಿ. ಪರೀಕ್ಷೆ ನಡೆಯುವ ಮೇಜಿನ ಮೇಲೆ ನಿಜವಾದ ತೋಟಾ ಒಂದೂ ಇರಕೂಡದು.

ನಳಿಗೆ

ಹೆಚ್ಚು ಹೊತ್ತು ಕಳೆಯಬೇಕಾದದ್ದು ಇಲ್ಲಿ. ಪಿಸ್ತೂಲು ಬಿಚ್ಚಿಸಿ. ನೋಡುವ ಮೊದಲು ನಳಿಗೆಯನ್ನು ಬ್ರಷ್, ಸಾಲ್ವೆಂಟ್ ಹಾಕಿ ಉಜ್ಜಿ, ಒಣಬಟ್ಟೆ ಎಳೆಯಿರಿ. ಮಸಿ, ಎಣ್ಣೆ ಇದ್ದಾಗ ಗುಳಿಗಳು ಮುಚ್ಚಿಕೊಳ್ಳುತ್ತವೆ. ಕೆಲವೊಮ್ಮೆ ಬರೀ ಮಸಿಯೇ ಗುಳಿಯಂತೆ ಕಾಣುವುದೂ ಉಂಟು. ಒಂದು ತುದಿಗೆ ಬಿಳಿ ಕಾಗದ ಹಿಡಿದು ಅದರ ಮೇಲೆ ಟಾರ್ಚ್ ಬೆಳಕು ಬಿಡಿ, ಇನ್ನೊಂದು ತುದಿಯಿಂದ ನೋಡಿ. ರೈಫ್ಲಿಂಗ್‌ನ (ಒಳಗಿನ ಸುರುಳಿ ಗೆರೆಗಳ) ಅಂಚುಗಳು ಚೂಪಾಗಿ, ಆರಂಭದಿಂದ ಬಾಯಿಯವರೆಗೆ ಒಂದೇ ಸಮ ತಿರುಗಿರಬೇಕು. ಅಂಚು ಸವೆದು ದುಂಡಗಾಗಿದ್ದರೆ ಗುಂಡು ಸರಿಯಾಗಿ ತಿರುಗದೆ ಗುರಿಹಲಗೆಗೆ ಅಡ್ಡ ಬಡಿಯುತ್ತದೆ, ತೂತು ಉದ್ದುದ್ದಕ್ಕೆ ಬೀಳುತ್ತದೆ.

ನಡುವೆ ಎಲ್ಲಾದರೂ ಕಪ್ಪು ಉಂಗುರದಂಥ ನೆರಳು ಕಂಡರೆ ನಳಿಗೆ ಒಳಗೆ ಉಬ್ಬಿದೆ. ಮದ್ದು ಸರಿಯಾಗಿ ಉರಿಯದೆ ಒಂದು ಗುಂಡು ಒಳಗೇ ನಿಂತು, ಅದರ ಹಿಂದೆ ಇನ್ನೊಂದು ಹಾರಿಸಿದಾಗ ಹೀಗಾಗುತ್ತದೆ. ಕಣ್ಣಿಗೆ ಖಾತ್ರಿಯಾಗದಿದ್ದರೆ ಬಿಗಿಯಾಗಿ ಹೋಗುವ ಬಟ್ಟೆ ಸುತ್ತಿದ ಕಡ್ಡಿಯನ್ನು ನಿಧಾನ ತಳ್ಳಿ. ಉಬ್ಬಿದ ಕಡೆ ಕಡ್ಡಿ ಥಟ್ಟನೆ ಸಡಿಲವಾಗುತ್ತದೆ. ಗುಳಿ ಬಿದ್ದ ಕಡೆ ಒರಟಾಗಿ ತಡೆಯುತ್ತದೆ. ಉಬ್ಬಿದ ನಳಿಗೆಯ ಪಿಸ್ತೂಲನ್ನು ಯಾವ ಬೆಲೆಗೂ ಕೊಳ್ಳಬೇಡಿ. ಸಣ್ಣ ಗುಳಿಗಳಿದ್ದರೆ ಪಿಸ್ತೂಲು ಕೆಲಸ ಮಾಡೀತು, ಆದರೆ ಬೆಲೆ ಗಟ್ಟಿಯಾಗಿ ಇಳಿಸಿಕೇಳಬೇಕು. ಹಳೆಯ ಕಾಲದ ಪ್ರೈಮರಿನ (ತೋಟಾದ ಬುಡದಲ್ಲಿ ಕಿಡಿ ಹೊತ್ತಿಸುವ ಭಾಗದ) ಮದ್ದು ಉರಿದು ಉಳಿಸುತ್ತಿದ್ದ ಲವಣ ಗಾಳಿಯ ತೇವ ಹೀರಿ ನಳಿಗೆ ತಿನ್ನುತ್ತಿತ್ತು. ಹಳೆಯ ವಿದೇಶಿ ಪಿಸ್ತೂಲುಗಳಲ್ಲಿ ಗುಳಿ ಸಾಮಾನ್ಯವಾಗಿರುವುದು ಇದಕ್ಕೇ. ವಾಲ್ಥರ್ ಪಿಪಿಯಲ್ಲಿ ನಳಿಗೆ ಫ್ರೇಮಿಗೆ ಬಿಗಿದು ಕೂತಿರುತ್ತದೆ, ಬದಲಿಸುವುದು ಸುಲಭವಲ್ಲ. ಬ್ರೌನಿಂಗ್ 1910ರಲ್ಲಿ ಬಿಡಿಯಾಗಿ ಬರುತ್ತದೆ. ಒಂದೇ ದೋಷಕ್ಕೆ ಎರಡರಲ್ಲೂ ಒಂದೇ ಕಡಿತ ಹಿಡಿಯಬಾರದು.

ತುಕ್ಕು, ಬಿರುಕು, ಮರುಬಣ್ಣ

ಹಿಡಿಯ ಎರಡೂ ಪಟ್ಟಿ ಬಿಚ್ಚಿಸಿ. ಬೆವರು, ಮಳೆನೀರು ಇಳಿದು ನಿಲ್ಲುವುದು ಅದರಡಿಯಲ್ಲೇ. ಚುನಾವಣೆ ಬಂದಾಗ ಠಾಣೆಯಲ್ಲಿ ತಿಂಗಳುಗಟ್ಟಲೆ ಠೇವಣಿ ಇಟ್ಟ, ಚರ್ಮದ ಚೀಲದಲ್ಲೇ ಬೀರುವಿನಲ್ಲಿಟ್ಟ ಪಿಸ್ತೂಲುಗಳಿಗೆ ತುಕ್ಕು ಹೆಚ್ಚು. ಹದ ಮಾಡಿದ ಚರ್ಮ ತೇವ ಹಿಡಿದಿಡುತ್ತದೆ. ಸ್ಲೈಡಿನ ಮೂತಿ, ಅಂಚುಗಳಲ್ಲಿ ನೀಲಿಕಪ್ಪು ಬಣ್ಣ ಹೋಗಿದ್ದರೆ ಅದು ಬರೀ ಚೀಲದ ಸವೆತ, ಹೆದರಬೇಕಿಲ್ಲ. ಎಲ್ಲೆಡೆ ಫಳಫಳ ಹೊಸ ಬಣ್ಣವಿದ್ದು ಅಕ್ಷರಗಳು ಮಾತ್ರ ಮಾಸಿದ್ದರೆ, ಚೂಪಿರಬೇಕಾದ ಅಂಚು ದುಂಡಗಾಗಿದ್ದರೆ, ತುಕ್ಕು ಉಜ್ಜಿ ಮರುಬಣ್ಣ ಹಾಕಿದ್ದಾರೆ. ಅದಕ್ಕೆ ಹೆಚ್ಚು ಬೆಲೆ ಕೇಳಿದರೆ ಕಡಿಮೆ ಕೊಡಬೇಕು. ಸ್ಕ್ರೂಗಳ ತಲೆ ಕಿತ್ತುಹೋಗಿದ್ದರೆ ಕೆಲಸ ಬಾರದವರ ಕೈ ಒಳಗೆ ಆಡಿದೆ.

ಬಿರುಕು ಹುಡುಕಲು ಭೂತಗನ್ನಡಿ ಬೇಕು. ತೋಟಾ ಹೊರಬೀಳುವ ಕಿಂಡಿಯ ಮೂಲೆಗಳು, ಸ್ಲೈಡ್ ಓಡುವ ಹಳಿಗಳು, ಟ್ರಿಗರ್ ಬಳೆಯ ಬುಡ: ಇಲ್ಲಿ ತೆಳು ಎಣ್ಣೆ ಸವರಿ, ಚೆನ್ನಾಗಿ ಒರೆಸಿ, ಟಾಲ್ಕಂ ಪೌಡರ್ ಉದುರಿಸಿ ಸ್ವಲ್ಪ ಹೊತ್ತು ಬಿಡಿ. ಬಿರುಕಿದ್ದರೆ ಒಳಗಿನ ಎಣ್ಣೆ ಜಿನುಗಿ ಪುಡಿಯ ಮೇಲೆ ಗೆರೆ ಮೂಡುತ್ತದೆ. ಸ್ಲೈಡ್ ಬಡಿಯುವ ಜಾಗದಲ್ಲಿ ಫ್ರೇಮ್ ಜಜ್ಜಿಹೋಗಿದ್ದರೆ ಸ್ಲೈಡನ್ನು ಮುಂದಕ್ಕೆ ತಳ್ಳುವ ರಿಕಾಯಿಲ್ ಸ್ಪ್ರಿಂಗ್ ಸೋತು ಬಹಳ ಕಾಲವಾಗಿದೆ.

ನಮ್ಮ ಕಡೆ ಪಿಸ್ತೂಲಿಗೆ ಕೊಬ್ಬರಿ ಎಣ್ಣೆ ಹಚ್ಚುವ ಅಭ್ಯಾಸವೊಂದಿದೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ಮೈಸೂರಿನ ಡಿಸೆಂಬರ್ ಬೆಳಗ್ಗೆ ಫೈರಿಂಗ್ ಪಿನ್ ಅದರಲ್ಲಿ ಸಿಕ್ಕಿ ಪ್ರೈಮರನ್ನು ಮೆಲ್ಲಗೆ ಮುಟ್ಟಿ ಸುಮ್ಮನಾಗಬಹುದು. ಇದು ಕೊಳೆಯಷ್ಟೇ, ತೊಳೆದರೆ ಹೋಗುತ್ತದೆ. ಮಾರುವವರು ‘ಪಿನ್ ಹೋಗಿದೆ’ ಎಂದು ಅಗ್ಗಕ್ಕೆ ಬಿಡುತ್ತಿದ್ದರೆ ಮೊದಲು ಇದನ್ನೇ ಪರೀಕ್ಷಿಸಿ.

ಕುದುರೆ, ಸೇಫ್ಟಿ, ಪಿನ್

ಹಳೆಯ ಪಿಸ್ತೂಲಿನ ಟ್ರಿಗರನ್ನು ಖಾಲಿ ಚೇಂಬರಿನ ಮೇಲೆ ಸುಮ್ಮನೆ ಟಕಟಕ ಎಳೆಯಬೇಡಿ, ಪಿನ್ ಮುರಿಯಬಹುದು. .32ರ ಡಮ್ಮಿ (ಮದ್ದಿಲ್ಲದ) ತೋಟಾ ಹಾಕಿಕೊಳ್ಳಿ. ಸೇಫ್ಟಿ ಹಾಕಿ ಟ್ರಿಗರ್ ಬಲವಾಗಿ ಎಳೆದು ಬಿಡಿ, ಆಮೇಲೆ ಸೇಫ್ಟಿ ತೆಗೆಯಿರಿ: ಕುದುರೆ (ಪಿನ್ನಿಗೆ ಬಡಿಯುವ ಸುತ್ತಿಗೆಯಂಥ ಭಾಗ) ಬೀಳಬಾರದು. ಸ್ಲೈಡನ್ನು ಅರ್ಧ ಸೆಂಟಿಮೀಟರಿನಷ್ಟು ಹಿಂದೆ ಹಿಡಿದು ಟ್ರಿಗರ್ ಎಳೆದರೂ ಬೀಳಬಾರದು. ಎತ್ತಿ ನಿಲ್ಲಿಸಿದ ಕುದುರೆಯನ್ನು ಹೆಬ್ಬೆರಳಿನಿಂದ ಹಿಂದಿನಿಂದ ಮುಂದಕ್ಕೆ ಒತ್ತಿದಾಗ ಜಾರಿದರೆ ಅದನ್ನು ಹಿಡಿದಿಡುವ ಸಿಯರ್ ಸವೆದಿದೆ. ಇಂಥದ್ದು ಕೈತಪ್ಪಿ ಬಿದ್ದರೆ ಸಿಡಿಯಬಹುದು. ವಾಲ್ಥರ್ ಪಿಪಿಯಂಥವುಗಳಲ್ಲಿ ಸೇಫ್ಟಿ ಒತ್ತಿದರೇ ಕುದುರೆ ಇಳಿಯುತ್ತದೆ. ಆ ಭಾಗ ಸವೆದಿದೆಯೇ ಎಂದು ಡಮ್ಮಿಯ ಮೇಲಷ್ಟೇ ನೋಡಬೇಕು.

ಪಿನ್‌ನ ಬಲ ನೋಡಲು ಪೆನ್ಸಿಲ್ ಸಾಕು. ಡಮ್ಮಿ ತೆಗೆದು, ಖಾಲಿ ಎಂದು ಮತ್ತೆ ಖಚಿತಪಡಿಸಿ, ಮೂತಿ ಮೇಲಕ್ಕೆ ಮಾಡಿ 7 ಮಿ.ಮೀ. ದಪ್ಪದ ಪೆನ್ಸಿಲನ್ನು ರಬ್ಬರಿನ ತುದಿ ಕೆಳಗಾಗುವಂತೆ ನಳಿಗೆಗೆ ಇಳಿಬಿಡಿ. ಮುಖವನ್ನು ಮೂತಿಯ ಮೇಲೆ ತರದೆ ಒಮ್ಮೆ ಟ್ರಿಗರ್ ಎಳೆಯಿರಿ. ಪೆನ್ಸಿಲ್ ಹೊರಕ್ಕೆ ನೆಗೆಯಬೇಕು. ಅಲ್ಲೇ ಕುಲುಕಾಡಿ ನಿಂತರೆ ಸ್ಪ್ರಿಂಗ್ ಸೋತಿದೆ ಅಥವಾ ಪಿನ್ ಮೊಂಡಾಗಿದೆ.

ಮ್ಯಾಗಜಿನ್

.32 ಆಟೊ ತೋಟಾದ ಹಿಂಭಾಗದ ಅಂಚು ಸ್ವಲ್ಪ ಹೊರಚಾಚಿರುತ್ತದೆ. ಮೇಲಿನ ತೋಟಾದ ಅಂಚು ಕೆಳಗಿನದರ ಹಿಂದಕ್ಕೆ ಹೋಗಿ ಸಿಕ್ಕಿಕೊಂಡರೆ ಮ್ಯಾಗಜಿನ್ ಅಲ್ಲೇ ಜಾಮ್. ಬಾಯಿಯ ತುಟಿಗಳು ಅಗಲಿದ್ದರೆ, ಬಿರುಕು ಬಿಟ್ಟಿದ್ದರೆ ಇದು ಪದೇಪದೇ ಆಗುತ್ತದೆ. ಡಮ್ಮಿಗಳನ್ನು ತುಂಬಿ ಕೈಯಲ್ಲೇ ಒಂದೊಂದಾಗಿ ಓಡಿಸಿ. ಪ್ರತಿಯೊಂದೂ ಒಳಹೋಗಿ, ಪ್ರತಿಯೊಂದೂ ದೂರ ಹಾರಬೇಕು. ವಿದೇಶಿ ಪಿಸ್ತೂಲಿನ ಜೊತೆ ಎರಡನೇ ಅಸಲಿ ಮ್ಯಾಗಜಿನ್ ಇದ್ದರೆ ಅದಕ್ಕೆ ಬೇರೆಯೇ ಬೆಲೆ ಕೊಡಬಹುದು. ಸಿಗುವ ವಸ್ತುವಲ್ಲ ಅದು.

ಬೆಲೆ ಮತ್ತು ಹಸ್ತಾಂತರ

ಸ್ವದೇಶಿ ಪಿಸ್ತೂಲಿಗೆ ಲೆಕ್ಕ ಸರಳ. ಲೈಸೆನ್ಸ್ ಇರುವ ಬಂದೂಕು ಅಂಗಡಿಯಲ್ಲಿ ಅದೇ ಮಾದರಿಯ ಹೊಸದರ ಇವತ್ತಿನ ಬೆಲೆ ಕೇಳಿ. ಸೋತ ಸ್ಪ್ರಿಂಗ್, ಪಿನ್, ಮ್ಯಾಗಜಿನ್‌ಗೆ ಆಗುವ ಖರ್ಚು ಕಳೆಯಿರಿ. ಕೆಲಸ ಮಾಡಿಸುವುದು ಲೈಸೆನ್ಸ್ ಇರುವ ರಿಪೇರಿಯವರ ಹತ್ತಿರವೇ ಆಗಬೇಕಾದ್ದರಿಂದ ಅವರ ಕೂಲಿಯನ್ನೂ ಕಳೆಯಿರಿ. ನಳಿಗೆಯ ಸ್ಥಿತಿಗೆ ಮೇಲೊಂದು ಕಡಿತ. ಹೊಸದಕ್ಕೂ ಇದಕ್ಕೂ ಅಂತರ ಚಿಕ್ಕದಾಗಿ ಉಳಿದರೆ ಹೊಸದನ್ನೇ ಕೊಳ್ಳಿ. ವಿದೇಶಿಯದಕ್ಕೆ ಇಂಥ ಅಳತೆಗೋಲಿಲ್ಲ, ನಂಬರ್ ಹೊಂದುವ, ಮೂಲ ಬಣ್ಣ ಉಳಿದ, ನಳಿಗೆ ಚೂಪಾಗಿರುವುದಕ್ಕೆ ಮಾತ್ರ ದುಬಾರಿ ಬೆಲೆ ಸರಿ.

ವ್ಯಕ್ತಿಯಿಂದ ನೇರ ಕೊಳ್ಳುವುದಾದರೆ ಪೂರ್ತಿ ಹಣ ಮೊದಲೇ ಕೊಡಬೇಡಿ. ಮಾರುವವರು ತಮ್ಮ ಉದ್ದೇಶವನ್ನೂ ನಿಮ್ಮ ಹೆಸರು, ವಿಳಾಸವನ್ನೂ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಹತ್ತಿರದ ಠಾಣಾಧಿಕಾರಿಗೆ ಬರೆದು ತಿಳಿಸಿ, ಕನಿಷ್ಠ 45 ದಿನ ಕಳೆದ ಮೇಲೆಯೇ ಪಿಸ್ತೂಲು ಕೊಡಬಹುದು. ಆ ಪತ್ರದ ಸ್ವೀಕೃತಿ ಪ್ರತಿಯೊಂದನ್ನು ನೀವೂ ಇಟ್ಟುಕೊಳ್ಳಿ. ಆಮೇಲೆ ನಿಮ್ಮ ಲೈಸೆನ್ಸಿನಲ್ಲಿ ನಮೂದು ಮಾಡಿಸಬೇಕು. ಮೈಸೂರು ನಗರದವರು ಪೊಲೀಸ್ ಕಮಿಷನರ್ ಕಚೇರಿಯಲ್ಲಿ, ಮಂಡ್ಯದವರು ಜಿಲ್ಲಾಧಿಕಾರಿ ಕಚೇರಿಯಲ್ಲಿ. 2019ರ ತಿದ್ದುಪಡಿಯ ನಂತರ ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಆಯುಧ ಇರುವಂತಿಲ್ಲ. ಮನೆಯಲ್ಲಿ ಅಪ್ಪನ ಕಾಲದ ಕೋವಿ ನಿಮ್ಮ ಹೆಸರಿಗೆ ಬಂದಿದ್ದರೆ ಅದನ್ನೂ ಸೇರಿಸಿ ಎಣಿಸಿಕೊಂಡೇ ಮುಂಗಡ ಕೊಡಿ.