ಗೊತ್ತಿರುವ ಕಡತಗಳನ್ನು ಬದಿಗಿಟ್ಟ ಮೇಲೆ

ಬೇರೆಯವರು ಕಟ್ಟಿ, ಬೇರೆಯವರು ನಡೆಸಿ, ದಾಖಲೆಯೊಂದನ್ನೂ ಬರೆದಿಡದೆ ಬಿಟ್ಟುಹೋದ ಸರ್ವರುಗಳನ್ನು ವಹಿಸಿಕೊಳ್ಳುವುದು ನನ್ನ ವೃತ್ತಿಯ ಒಂದು ಭಾಗ. ಕೆಲಸ ಕೊಟ್ಟವರು ಮೊದಲು ಕೇಳುವುದು ಒಂದೇ: ಇದರೊಳಗೆ ಏನೇನಿದೆ? ಡಿಸ್ಕಿನಲ್ಲಿ ಲಕ್ಷಗಟ್ಟಲೆ ಕಡತಗಳಿರುತ್ತವೆ. ಒಂದೊಂದನ್ನೇ ತೆರೆದು ನೋಡುವ ಮಾತೇ ಇಲ್ಲ. ಹೆಸರನ್ನೂ ತಾರೀಖನ್ನೂ ಯಾರು ಬೇಕಾದರೂ ತಿದ್ದಬಹುದು, ಆದ್ದರಿಂದ ಅವೆರಡೂ ಸಾಕ್ಷಿಯಲ್ಲ. ಕಡತದ ಒಳಗಿನ ಬೈಟ್‌ಗಳಿಂದಲೇ ಲೆಕ್ಕ ಹಾಕಿದ, ಬೆರಳಚ್ಚಿನಂಥ ಹ್ಯಾಶ್ ಎಂಬ ಸಂಖ್ಯೆ ಮಾತ್ರ ಹೆಸರಿಗೂ ತಾರೀಖಿಗೂ ಕಿವಿಗೊಡುವುದಿಲ್ಲ. ಹಾಗಾಗಿ ಮೊದಲು ಎಲ್ಲ ಕಡತಗಳ ಎಸ್‌ಎಚ್‌ಎ-256 ಎಂಬ ಬಗೆಯ ಹ್ಯಾಶ್ ತೆಗೆದು, ಪ್ರಕಟವಾದ ಸಾಫ್ಟ್‌ವೇರ್ ಪ್ಯಾಕೇಜ್‌ಗಳ ಹ್ಯಾಶ್‌ಗಳ ಜೊತೆ ತಾಳೆ ನೋಡುತ್ತೇನೆ. ಮೊರದಲ್ಲಿ ಕೇರುವಾಗ ಅಕ್ಕಿ ಉಳಿಸಿಕೊಂಡು ಕಲ್ಲು ಎಸೆಯುತ್ತೇವೆ. ಇಲ್ಲಿ ಅಕ್ಕಿಯನ್ನು ಬದಿಗೆ ಸುರಿದು, ಉಳಿದ ಕಲ್ಲನ್ನು ಕೈಯಲ್ಲಿ ಹಿಡಿದು ನೋಡಬೇಕು.

ಇಲ್ಲಿ ಹೇಳುತ್ತಿರುವುದು ಡೆಬಿಯನ್ 10 ಎಂಬ ಲಿನಕ್ಸ್ ವ್ಯವಸ್ಥೆಯ ಮೇಲೆ ಜಾವಾ ಅಪ್ಲಿಕೇಶನ್ ಓಡುತ್ತಿದ್ದ ಒಂದು ಯಂತ್ರದ ವಿಷಯ. ಅದನ್ನು ಯಾರೋ ಕೆಡಿಸಿರಬಹುದೆಂಬ ಸಣ್ಣ ಗುಮಾನಿಯೂ ಇತ್ತು. ಹಾಗಾಗಿ ಆ ಯಂತ್ರದಲ್ಲೇ ಕುಳಿತು ಏನನ್ನೂ ಓಡಿಸಲಿಲ್ಲ. ಡಿಸ್ಕಿನ ಪೂರ್ತಿ ಪ್ರತಿ ತೆಗೆದು, ನನ್ನ ಯಂತ್ರದಲ್ಲಿ ಓದುವುದಕ್ಕೆ ಮಾತ್ರ ಮೌಂಟ್ ಮಾಡಿದೆ, ಅಂದರೆ ಜೋಡಿಸಿದೆ. ಎಕ್ಸ್ಟ್4 ಕಡತ ವ್ಯವಸ್ಥೆಯಾದರೆ 'ನೋಲೋಡ್' ಆಯ್ಕೆಯನ್ನೂ ಕೊಡಬೇಕು. ಇಲ್ಲವಾದರೆ ಓದುವುದಕ್ಕೆ ಮಾತ್ರ ಎಂದು ಹೇಳಿದ್ದರೂ ಜರ್ನಲ್‌ನಲ್ಲಿ (ಬರೆಯಬೇಕಾದ ಬದಲಾವಣೆಗಳ ದಿನಚರಿಯಲ್ಲಿ) ಬಾಕಿ ಉಳಿದದ್ದನ್ನು ಲಿನಕ್ಸ್‌ನ ತಿರುಳಾದ ಕರ್ನಲ್ ಪ್ರತಿಯ ಮೇಲೆ ಬರೆದುಬಿಡಬಹುದು.

ಡೆಬಿಯನ್ನಿನಲ್ಲಿ ಇದಕ್ಕೆಂದೇ 'ಡೆಬ್‌ಸಮ್ಸ್' ಎಂಬ ಉಪಕರಣವಿದೆ, ಪ್ಯಾಕೇಜ್‌ಗಳನ್ನು ಹಾಕುವ ಡಿಪಿಕೆಜಿಯಲ್ಲೂ ವೆರಿಫೈ ಆಯ್ಕೆ ಇದೆ. ಡಿಸ್ಕ್ ಹಳತಾಗಿ ಕಡತ ಕೆಟ್ಟಿದೆಯೇ ಎಂದು ತಿಳಿಯಲು ಇವು ಸಾಕು. ಗುಮಾನಿ ಇದ್ದಾಗ ಸಾಲವು. ಎರಡೂ ನೋಡುವುದು ಅದೇ ಡಿಸ್ಕಿನಲ್ಲಿ ಇಟ್ಟಿರುವ ಎಂಡಿ5 ಹ್ಯಾಶ್‌ಗಳ ಪಟ್ಟಿಯನ್ನು. ರೂಟ್, ಅಂದರೆ ಯಂತ್ರದ ಪೂರ್ಣ ಅಧಿಕಾರ ಸಿಕ್ಕವನು ಪ್ರೋಗ್ರಾಂ ಬದಲಿಸಿದ ಮೇಲೆ ಪಟ್ಟಿಯ ಸಾಲೊಂದನ್ನು ಬದಲಿಸದೆ ಬಿಡುತ್ತಾನೆಯೇ? ಆರೋಪಿಯ ಮನೆಯಲ್ಲೇ ಇರುವ ದಾಖಲೆಯನ್ನು ನಾನು ನಂಬುವುದಿಲ್ಲ.

ಆದ್ದರಿಂದ ಪಟ್ಟಿಯನ್ನು ಹೊರಗಿನಿಂದ ಕಟ್ಟಿಕೊಂಡೆ. ಡೆಬಿಯನ್ನಿನ 'ಇನ್‌ರಿಲೀಸ್' ಎಂಬ ಸೂಚಿ ಕಡತಕ್ಕೆ ಜಿಪಿಜಿ ಎಂಬ ಡಿಜಿಟಲ್ ಸಹಿ ಇರುತ್ತದೆ. ಅದರೊಳಗೆ 'ಪ್ಯಾಕೇಜಸ್' ಕಡತದ ಎಸ್‌ಎಚ್‌ಎ-256, ಆ ಪ್ಯಾಕೇಜಸ್ ಕಡತದೊಳಗೆ ಪ್ರತಿ ಡೆಬ್ ಕಡತದ, ಅಂದರೆ ಪ್ಯಾಕೇಜಿನ, ಎಸ್‌ಎಚ್‌ಎ-256. ಸಹಿಯಿಂದ ಶುರುಮಾಡಿ ಒಂದೊಂದು ಕೊಂಡಿಯನ್ನೂ ಪರೀಕ್ಷಿಸಿದೆ, ಡೆಬ್‌ಗಳನ್ನು ಬಿಚ್ಚಿ ಒಳಗಿನ ಕಡತಗಳ ಹ್ಯಾಶ್‌ಗಳನ್ನು ನಾನೇ ಲೆಕ್ಕ ಹಾಕಿದೆ. ಎಂದೋ ಹಾಕಿ ಮರೆತ ಹಳೆಯ ಆವೃತ್ತಿಗಳು ಈಗಿನ ಮಿರರ್‌ಗಳಲ್ಲಿ (ಪ್ಯಾಕೇಜ್‌ಗಳ ಪ್ರತಿ ಇಟ್ಟಿರುವ ಸರ್ವರುಗಳಲ್ಲಿ) ಸಿಗುವುದಿಲ್ಲ. ಅವನ್ನು ಡೆಬಿಯನ್ನಿನ ಸ್ನ್ಯಾಪ್‌ಶಾಟ್ ಸಂಗ್ರಹದಿಂದ ತಂದೆ. 2005ರಿಂದ ಈಚಿನ ಪ್ಯಾಕೇಜ್‌ಗಳು ಅಲ್ಲಿ ಉಳಿದಿವೆ, ಹಳೆಯ ಬಗೆಯ ಹ್ಯಾಶ್ ಆದ ಎಸ್‌ಎಚ್‌ಎ-1 ಕೊಟ್ಟರೆ ಕಡತವನ್ನೇ ಎತ್ತಿಕೊಡುತ್ತದೆ.

ಡಿಸ್ಕಿನ ಪಟ್ಟಿಗೆ 'ಫೈಂಡ್' ಮತ್ತು 'ಎಸ್‌ಎಚ್‌ಎ256ಸಮ್' ಆದೇಶಗಳು ಸಾಕು, ಹೆಸರುಗಳ ನಡುವೆ ಶೂನ್ಯ ಬೈಟ್ ಹಾಕಿಸಬೇಕು ಅಷ್ಟೆ. ಕಡತದ ಹೆಸರಿನಲ್ಲಿ ಖಾಲಿ ಜಾಗ ಬಿಟ್ಟಿರುವ ಪುಣ್ಯಾತ್ಮರು ಎಲ್ಲೆಡೆ ಇದ್ದಾರೆ. ಎರಡೂ ಪಟ್ಟಿಗಳನ್ನು 'ಸಿ' ಲೊಕೇಲ್‌ನಲ್ಲೇ, ಅಂದರೆ ಬೈಟ್‌ಗಳ ಕ್ರಮದಲ್ಲೇ, ಸಾರ್ಟ್ ಮಾಡಿ 'ಜಾಯಿನ್' ಆದೇಶದಿಂದ ಜೋಡಿಸಿದೆ. ಲೊಕೇಲ್ ಬೇರೆಬೇರೆಯಾದರೆ ಹೊಂದುವ ಸಾಲುಗಳೂ ತಪ್ಪಿಹೋಗುತ್ತವೆ.

ಹೊಂದಿದವುಗಳಲ್ಲೂ ಎಲ್ಲಕ್ಕೂ ಒಂದೇ ತೂಕವಿಲ್ಲ. ಇ3ಬಿ0 ಎಂದು ಶುರುವಾಗುವ ಎಸ್‌ಎಚ್‌ಎ-256 ಕಂಡರೆ ಅದು ಖಾಲಿ ಕಡತ. ಪೈಥಾನ್ ಪ್ಯಾಕೇಜ್‌ಗಳಲ್ಲಿ ಅಂಥವು ರಾಶಿ ರಾಶಿ. ಜಿಪಿಎಲ್ ಪರವಾನಗಿಯ ಪಠ್ಯವೂ ಹಾಗೆಯೇ, ಎಲ್ಲರ ಮನೆಯಲ್ಲೂ ಇರುತ್ತದೆ. ಅವು ಹೊಂದಿದ ಮಾತ್ರಕ್ಕೆ ಯಾವ ಪ್ಯಾಕೇಜ್ ಎಂದು ಹೇಳಲಾಗದು. ಒಂದೇ ಪ್ಯಾಕೇಜಿನ ಒಂದೇ ಆವೃತ್ತಿಯಲ್ಲಿ ಮಾತ್ರ ಕಾಣುವ ಕಡತಗಳನ್ನಷ್ಟೇ ನಾನು ಲೆಕ್ಕಕ್ಕೆ ಹಿಡಿಯುತ್ತೇನೆ.

ಹೊಂದದೆ ಉಳಿದವುಗಳಲ್ಲಿ ಬಹುಪಾಲು ಆ ಯಂತ್ರದಲ್ಲೇ ಹುಟ್ಟಿದವು: ಪೈಥಾನ್ ತಾನೇ ಅನುವಾದಿಸಿಟ್ಟ ಪಿವೈಸಿ ಕಡತಗಳು, ಯಂತ್ರ ಶುರುವಾಗುವಾಗ ಬೇಕಾದ ಇನಿಟ್‌ರಾಮ್‌ಎಫ್‌ಎಸ್, ದೂರದಿಂದ ಪ್ರವೇಶಿಸಲು ಬಳಸುವ ಎಸ್‌ಎಸ್‌ಎಚ್ ಕೀಲಿಗಳು, ಲಾಗ್‌ಗಳು. ಇವುಗಳ ಹ್ಯಾಶ್ ಲೋಕದ ಯಾವ ಪಟ್ಟಿಯಲ್ಲೂ ಇರಲು ಸಾಧ್ಯವಿಲ್ಲ. ಸಾಮಾನ್ಯ ಪಿವೈಸಿಯ ತಲೆಯಲ್ಲಿ ಮೂಲ ಕಡತದ ಸಮಯವೂ ಸೇರಿರುತ್ತದೆ, ಆದ್ದರಿಂದ ಅದರ ಹಿಂದೆ ಬೀಳುವ ಬದಲು ಮೂಲ ಕಡತ ಹೊಂದಿದೆಯೇ ಎಂದು ನೋಡಿ, ಪಿವೈಸಿಯನ್ನು ಅಳಿಸಿ ಹೊಸದಾಗಿ ಹುಟ್ಟಿಸುವುದೇ ವಾಸಿ. ನಗು ಬರಿಸಿದ್ದೊಂದು ಇತ್ತು. ಕನ್ನಡದಲ್ಲಿ ಪಿಡಿಎಫ್ ವರದಿ ತೆಗೆಯಲು ಫಾಂಟ್ ಹಾಕಿದ್ದರು. ಗುಬ್ಬಿ, ನವಿಲು ಎಂಬ ಫಾಂಟ್‌ಗಳೆರಡೂ ಡೆಬಿಯನ್ ಪ್ಯಾಕೇಜ್‌ಗಳಾದ್ದರಿಂದ ತಟ್ಟನೆ ಗುರುತು ಸಿಕ್ಕವು. ಯಾರೋ ಕೈಯಿಂದ ತಂದಿಟ್ಟ ನುಡಿ ಫಾಂಟ್‌ಗಳು ಮಾತ್ರ ಅಪರಿಚಿತರ ಸಾಲಿನಲ್ಲಿ, ಅನುಮಾನಾಸ್ಪದ ಸ್ಕ್ರಿಪ್ಟ್‌ಗಳ ಪಕ್ಕದಲ್ಲೇ ಕುಳಿತಿದ್ದವು.

ನಿಜವಾದ ಕೆಲಸ ಜಾವಾ ಭಾಗದಲ್ಲಿ ಸಿಕ್ಕಿತು. ಜಾವಾ ಲೈಬ್ರರಿಗಳ ಮೇವನ್ ಸೆಂಟ್ರಲ್ ಭಂಡಾರದಲ್ಲಿ, ಲೈಬ್ರರಿಯನ್ನು ಕಟ್ಟಿಟ್ಟ ಪ್ರತಿ ಜಾರ್ ಕಡತದ ಪಕ್ಕದಲ್ಲೂ ಅದರ ಎಸ್‌ಎಚ್‌ಎ-1 ಇರುತ್ತದೆ, ಅದರಿಂದಲೇ ಹುಡುಕಲೂ ಬಹುದು. ಎಸ್‌ಎಚ್‌ಎ-1 ಮುರಿದಿದೆಯಲ್ಲ ಎಂದು ಕೇಳುವವರಿದ್ದಾರೆ. 2017ರಲ್ಲಿ ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಶೋಧಕರು ಒಂದೇ ಎಸ್‌ಎಚ್‌ಎ-1 ಇರುವ ಎರಡು ಪಿಡಿಎಫ್‌ಗಳನ್ನು ತೋರಿಸಿದ್ದು ನಿಜ. ಆದರೆ ಎರಡನ್ನೂ ತಾವೇ ರೂಪಿಸುವುದು ಬೇರೆ, ಈಗಾಗಲೇ ಇರುವ ಕಡತಕ್ಕೆ ಜೋಡಿ ಹುಟ್ಟಿಸುವುದು ಬೇರೆ. ಆದರೂ ನಾನು ಎಸ್‌ಎಚ್‌ಎ-1 ಅನ್ನು ಹುಡುಕಲು ಮಾತ್ರ ಬಳಸುತ್ತೇನೆ. ಸಿಕ್ಕ ಜಾರ್ ಇಳಿಸಿಕೊಂಡು ಎಸ್‌ಎಚ್‌ಎ-256ರಲ್ಲಿ ಮತ್ತೊಮ್ಮೆ ತಾಳೆ ನೋಡುತ್ತೇನೆ. ಸ್ಪ್ರಿಂಗ್ ಬೂಟ್ ಎಂಬ ಜಾವಾ ಚೌಕಟ್ಟಿನ ದಪ್ಪ ಜಾರ್‌ಗಳ ಒಳಗಿರುವ ಲೈಬ್ರರಿಗಳು ಹಾಗೆಯೇ ಇಡಿಯಾಗಿ ಇರುತ್ತವೆ, ಹೊರಗಿನದನ್ನು ಬಿಚ್ಚಿದರೆ ಸಾಕು.

ಹೆಚ್ಚಿನವು ಗುರುತು ಸಿಕ್ಕವು. 'ಲಾಗ್4ಜೆ-ಕೋರ್ 2.14.1' ಎಂದು ಹೆಸರಿದ್ದ, ಲಾಗ್ ಬರೆಯುವ ಲೈಬ್ರರಿಯ ಜಾರ್ ಮಾತ್ರ ಎಲ್ಲಿಯೂ ಹೊಂದಲಿಲ್ಲ. ಇದು ಎಂಥ ಆವೃತ್ತಿ ಎಂಬುದು ಈ ವೃತ್ತಿಯವರಿಗೆ ಹೇಳಬೇಕಾಗಿಲ್ಲ: 2021ರ ಡಿಸೆಂಬರ್‌ನಲ್ಲಿ ಬಯಲಾದ, ಹೊರಗಿನವರು ಸರ್ವರಿನಲ್ಲಿ ತಮ್ಮ ಪ್ರೋಗ್ರಾಂ ಓಡಿಸಲು ದಾರಿಮಾಡುವ ಲಾಗ್4ಶೆಲ್ ದೋಷ ಇದರಲ್ಲಿದೆ. ಅಂಥ ಜಾರ್, ಅದೂ ತಿದ್ದಿದ ಜಾರ್. ಒಳನುಗ್ಗಿದವರ ಕೈವಾಡವೆಂದು ಕೂಗೆಬ್ಬಿಸಲು ಇಷ್ಟು ಸಾಕಿತ್ತು.

ಆದರೆ ಇಡೀ ಕಡತದ ಹ್ಯಾಶ್ ಹೊಂದಲಿಲ್ಲ ಎಂದರೆ ಎಲ್ಲಿ ಹೊಂದಲಿಲ್ಲ, ಎಷ್ಟು ಹೊಂದಲಿಲ್ಲ ಎಂಬುದು ತಿಳಿಯುವುದಿಲ್ಲ. ಜಾರ್ ಎಂದರೆ ಜಿಪ್ ತಾನೆ; ಒಳಗೆ ಏನೂ ಬದಲಾಗದೆ ಮತ್ತೆ ಕಟ್ಟಿದರೂ ತಾರೀಖುಗಳಿಂದಲೇ ಹ್ಯಾಶ್ ಬೇರೆಯಾಗುತ್ತದೆ. ಅಸಲಿ 2.14.1 ತಂದು, ಎರಡನ್ನೂ ಬಿಚ್ಚಿ, ಒಳಗಿನ ಪ್ರತಿ ಕ್ಲಾಸ್ ಕಡತದ, ಅಂದರೆ ಜಾವಾ ಪ್ರೋಗ್ರಾಂನ ಒಂದೊಂದು ತುಂಡಿನ, ಹ್ಯಾಶ್ ತೆಗೆದು ಪಕ್ಕಪಕ್ಕದಲ್ಲಿ ಇಟ್ಟೆ. ಎಲ್ಲವೂ ಹೊಂದಿದವು. ಅಸಲಿಯಲ್ಲಿದ್ದ ಒಂದೇ ಒಂದು ಕ್ಲಾಸ್ ಇದರಲ್ಲಿ ಇರಲಿಲ್ಲ: ಆ ದೋಷ ಅಡಗಿದ್ದ ಜೆಎನ್‌ಡಿಐಲುಕಪ್. ಆವೃತ್ತಿ ಏರಿಸಲಾಗದವರು ಆ ಕ್ಲಾಸನ್ನು ಜಾರ್‌ನಿಂದ ಕಿತ್ತುಹಾಕಬೇಕೆಂದು ಆಗ ಲಾಗ್4ಜೆ ರೂಪಿಸುವ ಅಪಾಚಿಯೇ ಸಲಹೆ ಕೊಟ್ಟಿತ್ತು. ಹಿಂದಿನ ಎಂಜಿನಿಯರ್ ಅದನ್ನು ಶ್ರದ್ಧೆಯಿಂದ ಪಾಲಿಸಿ, ಯಾರಿಗೂ ಹೇಳದೆ ಹೋಗಿದ್ದರು. ಆ ಉಪಾಯ ಮೂಲ ದೋಷವನ್ನು ಮುಚ್ಚುತ್ತದೆ, ಆಮೇಲೆ ಕಂಡವುಗಳನ್ನಲ್ಲ, ಹಾಗಾಗಿ 2.17.1ಕ್ಕೆ ಏರಿಸಿದೆವು.

ಹೊರಗಿನ ಸೇವೆಗಳೂ ಇವೆ. ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆ ಎನ್‌ಎಸ್‌ಆರ್‌ಎಲ್ ಎಂಬ ದೊಡ್ಡ ಹ್ಯಾಶ್ ಸಂಗ್ರಹವನ್ನು ಉಚಿತವಾಗಿ ಕೊಡುತ್ತದೆ. ಲಕ್ಸಂಬರ್ಗಿನ ಕಂಪ್ಯೂಟರ್ ಭದ್ರತಾ ಸಂಸ್ಥೆ ಸಿಐಆರ್‌ಸಿಎಲ್ ನಡೆಸುವ ಹ್ಯಾಶ್‌ಲುಕಪ್‌ನಲ್ಲಿ ಅದರ ಜೊತೆಗೆ ಲಿನಕ್ಸ್ ಪ್ಯಾಕೇಜ್‌ಗಳೂ ಸೇರಿವೆ. ಗಿರಾಕಿಯ ಡಿಸ್ಕಿನ ಹ್ಯಾಶ್‌ಗಳನ್ನೆಲ್ಲ ಹೊರಗೆ ಕಳಿಸುವುದು ನನಗೆ ಒಪ್ಪಿಗೆಯಿಲ್ಲ; ಅವರ ಬಳಿ ಯಾವ ಸಾಫ್ಟ್‌ವೇರ್ ಇದೆ ಎಂದು ಊರಿಗೆಲ್ಲ ಸಾರಿದಂತೆ. ಸಿಐಆರ್‌ಸಿಎಲ್‌ನ ಬ್ಲೂಮ್ ಫಿಲ್ಟರ್, ಅಂದರೆ ಆ ಪಟ್ಟಿಯ ಅಡಕ ರೂಪ, ಇಳಿಸಿಕೊಂಡರೆ ಮನೆಯಲ್ಲೇ ನೋಡಬಹುದು. ಅದು 'ಇಲ್ಲ' ಎಂದರೆ ಖಂಡಿತ ಇಲ್ಲ. 'ಇದೆ' ಎಂದದ್ದು ಅಪರೂಪಕ್ಕೆ ಸುಳ್ಳಾಗಬಹುದು.

ವರದಿಯಲ್ಲಿ 'ಸುರಕ್ಷಿತ' ಎಂಬ ಪದವನ್ನು ನಾನು ಎಲ್ಲಿಯೂ ಬಳಸಲಿಲ್ಲ, 'ಪರಿಚಿತ' ಎಂದಷ್ಟೇ ಬರೆದೆ. ಎನ್‌ಎಸ್‌ಆರ್‌ಎಲ್‌ನಲ್ಲಿ ಹ್ಯಾಕಿಂಗ್ ಉಪಕರಣಗಳ ಹ್ಯಾಶ್‌ಗಳೂ ಇವೆ. 2024ರ ಮಾರ್ಚ್‌ನಲ್ಲಿ ಕಡತಗಳನ್ನು ಕುಗ್ಗಿಸುವ ಎಕ್ಸ್‌ಜೆಡ್ ಸಾಫ್ಟ್‌ವೇರಿನ 5.6.0 ಮತ್ತು 5.6.1ರಲ್ಲಿ ಹಿಂಬಾಗಿಲು ಪತ್ತೆಯಾದಾಗ, ಆ ಕಡತಗಳು ಅಧಿಕೃತವಾಗಿಯೇ ಬಿಡುಗಡೆಯಾಗಿದ್ದವು. ಹ್ಯಾಶ್ ತಾಳೆ ನೋಡಿದವರಿಗೆಲ್ಲ ಸರಿಯಾಗಿಯೇ ಹೊಂದುತ್ತಿದ್ದವು. ಹೀಗಾಗಿ ಪರಿಚಿತವೆಂದು ಗುರುತಾದ ಪ್ಯಾಕೇಜ್‌ಗಳ ಆವೃತ್ತಿಗಳನ್ನು ಡೆಬಿಯನ್ನಿನ ಭದ್ರತಾ ದೋಷಗಳ ಪಟ್ಟಿಯ ಜೊತೆ ಬೇರೆಯಾಗಿ ನೋಡಬೇಕಾಯಿತು. ಕೊನೆಗೆ ಉಳಿದದ್ದು ಸಂಸ್ಥೆಯವರೇ ಬರೆದ ಜಾರ್‌ಗಳು ಮತ್ತು ಕೆಲವು ಶೆಲ್ ಸ್ಕ್ರಿಪ್ಟ್‌ಗಳು. ಸ್ಕ್ರಿಪ್ಟ್‌ಗಳನ್ನು ಸಾಲುಸಾಲಾಗಿ ಓದಿದೆ. ಜಾರ್‌ಗಳನ್ನು ಅವರ ಮೂಲ ಪ್ರೋಗ್ರಾಂಗಳ ಗಿಟ್ ಭಂಡಾರದಿಂದ ಹೊಸದಾಗಿ ಕಟ್ಟಿಸಿ, ಮತ್ತೆ ಕ್ಲಾಸ್ ಕ್ಲಾಸಾಗಿ ಹೋಲಿಸಿ, ಆ ಹ್ಯಾಶ್‌ಗಳಿಗೆಲ್ಲ ನನ್ನ ಸಹಿ ಹಾಕಿದ ಒಂದು ಪಟ್ಟಿ ಮಾಡಿ ಅವರ ಕೈಗೆ ಕೊಟ್ಟೆ.