ಪಿಗ್ಮಿ ಹಣದಲ್ಲಿ ವಿಮಾನ ಕಲಿತ ಲೆಕ್ಕ

ಉಡುಪಿಯ ಸಹಕಾರಿ ಸಂಘವೊಂದರಲ್ಲಿ ಗುಮಾಸ್ತನಾಗಿರುವ ನಾನು ಖಾಸಗಿ ಪೈಲಟ್ ಪರವಾನಗಿ ಪಡೆದೆನೆಂದು ತಿಳಿದವರು ಮೊದಲು ಕೇಳುವುದು, ಸಂಬಳದಲ್ಲಿ ಬದುಕುವವರಿಗೆ ಇದು ಎಟುಕುತ್ತದೆಯೇ ಎಂದು.

ಉತ್ತರಕ್ಕಾಗಿ ನಾನು ಮೊದಲು ನೋಡಿದ್ದು ಜಿಲ್ಲೆಯ ತಲಾ ಆದಾಯವನ್ನು. ಅದು ತಪ್ಪು ದಾರಿಯಾಗಿತ್ತು. ದಕ್ಷಿಣ ಕನ್ನಡವೂ ಉಡುಪಿಯೂ ರಾಜ್ಯದ ಪಟ್ಟಿಯಲ್ಲಿ ಮೇಲಿವೆ ನಿಜ, ಆದರೆ ಆ ಅಂಕಿ ಜಿಲ್ಲೆಯ ಒಟ್ಟು ಉತ್ಪನ್ನವನ್ನು ತಲೆಗಳಿಗೆ ಹಂಚಿದಾಗ ಬರುವಂಥದ್ದು. ಮಂಗಳೂರಿನ ತೈಲ ಶುದ್ಧೀಕರಣಾಗಾರದ ಗಳಿಕೆ ಆ ಜಿಲ್ಲೆಯ ಗುಮಾಸ್ತನ ಪಾಲಿಗೂ ಕಾಗದದ ಮೇಲೆ ಮಾತ್ರ ಬಂದಿರುತ್ತದೆ. ಕೆಲಸಕ್ಕೆ ಬಂದದ್ದು 2023-24ರ ಗೃಹಬಳಕೆ ವೆಚ್ಚ ಸಮೀಕ್ಷೆ. ಅದರಂತೆ ದೇಶದ ನಗರಗಳಲ್ಲಿ ಒಬ್ಬರ ತಿಂಗಳ ಸರಾಸರಿ ಖರ್ಚು 6,996 ರೂಪಾಯಿ, ಹಳ್ಳಿಗಳಲ್ಲಿ 4,122 ರೂಪಾಯಿ. ನಗರದ ನಾಲ್ವರ ಸಂಸಾರಕ್ಕೆ ತಿಂಗಳಿಗೆ 27,984 ಆಯಿತು. ನಾನು ತರಬೇತಿ ವಿಮಾನಕ್ಕೆ ಕೊಟ್ಟದ್ದು ಗಂಟೆಗೆ 14,000, ಅಂದರೆ ಅಂಥ ಸಂಸಾರದ ಅರ್ಧ ತಿಂಗಳು. ಆದರೆ ಸಮೀಕ್ಷೆ ಹೇಳುವುದು ಖರ್ಚಾದದ್ದನ್ನು. ಹಾರಾಟಕ್ಕೆ ಬೇಕಾದದ್ದು ಉಳಿದದ್ದು, ಅದು ಮನೆಯ ಲೆಕ್ಕದ ಪುಸ್ತಕದಲ್ಲಿ ಮಾತ್ರ ಸಿಗುತ್ತದೆ.

ನನ್ನ ಪುಸ್ತಕದಲ್ಲಿ ಉಳಿಯುತ್ತಿದ್ದದ್ದು ದಿನಕ್ಕೆ 200 ರೂಪಾಯಿ. 1928ರಲ್ಲಿ ಇದೇ ಉಡುಪಿಯಲ್ಲಿ ದಿನಕ್ಕೆ ಎರಡಾಣೆ ಕೂಡಿಡುವ ಪಿಗ್ಮಿ ಠೇವಣಿಯನ್ನು ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ ಶುರುಮಾಡಿತ್ತು. ನಾನೂ ಅದೇ ರೂಢಿಗೆ ಬಿದ್ದೆ. ಕಾರಣ ತಿಳಿದ ದಿನ ಪಿಗ್ಮಿ ಸಂಗ್ರಾಹಕರು ರಸೀದಿ ಹರಿಯುತ್ತಲೇ, “ಇದೆಂಥದು ಮಾರಾಯ್ರೆ, ವಿಮಾನ ತೆಗೆಯುವುದಾ?” ಎಂದು ನಕ್ಕಿದ್ದರು. ವರ್ಷಕ್ಕೊಮ್ಮೆ ಆ ಮೊತ್ತವನ್ನು ನಿರಖು ಠೇವಣಿಗೆ ಹಾಕುತ್ತ ಒಂಬತ್ತು ವರ್ಷಗಳಲ್ಲಿ ಬಡ್ಡಿಯೂ ಸೇರಿ ಸುಮಾರು 7 ಲಕ್ಷ ಕೂಡಿತು.

ನನ್ನ ದೊಡ್ಡ ತಪ್ಪು ನಡೆದದ್ದು ಏಳನೆಯ ವರ್ಷದಲ್ಲಿ. ತಾಳ್ಮೆಗೆಟ್ಟು, ಎರಡು ತಿಂಗಳಿಗೊಮ್ಮೆ ಘಟ್ಟ ಹತ್ತಿ ತರಬೇತಿಗೆ ಹೋಗಿ ಎರಡೆರಡು ಗಂಟೆ ಹಾರಿ ಬರುತ್ತಿದ್ದೆ. ಇಳಿಯುವಾಗ ರನ್‌ವೇ ಹತ್ತಿರವಾದಂತೆ ವಿಮಾನದ ಮೂತಿಯನ್ನು ಯಾವಾಗ, ಎಷ್ಟು ಎತ್ತಬೇಕೆಂಬ ಅಂದಾಜು ಕೈಗೆ ಹತ್ತುವುದು ಸತತ ಅಭ್ಯಾಸದಿಂದ. ನನಗೋ ಪ್ರತಿ ಸಲವೂ ಮರೆತದ್ದನ್ನು ಮತ್ತೆ ಕಲಿಯುವುದರಲ್ಲೇ ಮೊದಲ ಗಂಟೆ ಮುಗಿಯುತ್ತಿತ್ತು. ವರ್ಷದ ಕೊನೆಗೆ 12 ಗಂಟೆ ಹಾರಿದ್ದರೂ ಶಿಕ್ಷಕರು ನನ್ನನ್ನು ಒಂಟಿಯಾಗಿ ಹಾರಲು ಬಿಡಲು ಒಪ್ಪಲಿಲ್ಲ. ಬಾಡಿಗೆಯ ಮೀಟರು ಹಾರುವಾಗ ಮಾತ್ರ ಓಡುತ್ತದೆಂದೂ ತಿಳಿಯಬಾರದು. ಪ್ರಯಾಣಿಕ ವಿಮಾನವೊಂದು ಇಳಿಯಲೆಂದು ರನ್‌ವೇ ಅಂಚಿನಲ್ಲಿ ಎಂಜಿನ್ ಚಾಲೂ ಇಟ್ಟು ಕಾದಾಗ ನಿಮಿಷಕ್ಕೆ 233 ರೂಪಾಯಿ ಹೋಗುತ್ತದೆ. ಐದು ನಿಮಿಷ ಕಾದರೆ ನನ್ನ ಆರು ದಿನದ ಪಿಗ್ಮಿ ಅಲ್ಲೇ ಉರಿದುಹೋಗಿರುತ್ತದೆ.

ಆಮೇಲೆ ಹಾರಾಟ ನಿಲ್ಲಿಸಿ, ಹಣ ಪೂರ್ತಿ ಕೂಡಿದ ಮೇಲೆ, ಮಳೆಗಾಲ ಮುಗಿಸಿಕೊಂಡು ನಾಲ್ಕು ತಿಂಗಳು ಸಂಬಳವಿಲ್ಲದ ರಜೆ ಹಾಕಿ ಹೋದೆ. ಮನೆ ನಡೆದದ್ದು ಹೆಂಡತಿಯ ಸಂಬಳದಿಂದ. ನಿಯಮದಂತೆ ಕನಿಷ್ಠ 40 ಗಂಟೆ ಸಾಕಾಗುವ ಪರವಾನಗಿಗೆ ನನಗೆ 53 ಗಂಟೆ ಬೇಕಾಯಿತು: ಹಾರಾಟಕ್ಕೆ 7,42,000, ವೈದ್ಯಕೀಯ ತಪಾಸಣೆ, ಪರೀಕ್ಷೆ, ವಸತಿಗಳಿಗೆ 60,000, ಕಳೆದುಕೊಂಡ ಸಂಬಳ 1,60,000. ಪಿಗ್ಮಿಗೆ ಮೀರಿದ ಒಂದು ಲಕ್ಷಕ್ಕೆ ಹೆಂಡತಿಯ ಬಳೆಗಳನ್ನು ಅಡವಿಟ್ಟೆವು.

ಈ ಪರವಾನಗಿಯಿಂದ ಒಂದು ರೂಪಾಯಿಯನ್ನೂ ದುಡಿಯುವಂತಿಲ್ಲ. ಅದಕ್ಕೆ ಬೇಕಾದ ವಾಣಿಜ್ಯ ಪರವಾನಗಿಗೆ 200 ಗಂಟೆ ಹಾರಬೇಕು. ನಾನು ತೆತ್ತ ದರದಲ್ಲೇ 28 ಲಕ್ಷ, ಅಂದರೆ ಸಮೀಕ್ಷೆಯ ಆ ನಗರ ಸಂಸಾರದ ನೂರು ತಿಂಗಳ ಖರ್ಚು. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದುತ್ತಿರುವ ಮಗಳು ಈಗ ಅದನ್ನೇ ಕೇಳುತ್ತಿದ್ದಾಳೆ. ಶೇಕಡಾ 10ರ ಬಡ್ಡಿಗೆ ಹತ್ತು ವರ್ಷದ ಸಾಲವೆಂದರೂ ತಿಂಗಳ ಕಂತು ಸುಮಾರು 37,000 ಬರುತ್ತದೆ, ಕೆಲಸ ಸಿಗಲಿ ಸಿಗದಿರಲಿ. ಮನೆಯ ಪತ್ರ ಅಡವಿಟ್ಟು ಆ ಸಾಲಕ್ಕೆ ಸಹಿ ಹಾಕಲು ನಾನು ಇನ್ನೂ ಒಪ್ಪಿಲ್ಲ.